ಫಿಲ್ಟರ್ ಕೂತ್ರೆ ಸಾಕಾ?

ಪ್ರಶ್ನೆ: ನಮ್ಮದು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಹೋದ ತಿಂಗಳು 2014ರ ಸ್ವಿಫ್ಟ್ ಡೀಸೆಲ್ ಸೆಕೆಂಡ್ ಹ್ಯಾಂಡ್ ತಗೊಂಡೆ. 1 ಲಕ್ಷದ 12 ಸಾವಿರ ಕಿ.ಮೀ. ಓಡಿದೆ. ಆಯಿಲ್ ಬದಲಾಯಿಸೋಣ ಅಂತ ಅಂಗಡಿಗೆ ಹೋಗಿ ‘ಸ್ವಿಫ್ಟ್‌ಗೆ ಆಯಿಲ್ ಫಿಲ್ಟರ್ ಕೊಡಿ’ ಅಂದೆ. ತಗಡಿನ ಡಬ್ಬಿ ಥರದ್ದು ಕೊಟ್ಟರು. ಮನೆಗೆ ತಂದು ನೋಡಿದರೆ ನನ್ನ ಗಾಡಿಯಲ್ಲಿರುವುದು ಬರೀ ಪೇಪರ್ ಫಿಲ್ಟರ್. ವಾಪಸ್ ಹೋದೆ. ಆಗ ಎರಡು ಪೇಪರ್ ಫಿಲ್ಟರ್ ಮುಂದಿಟ್ಟರು. ಒಂದರ ರೇಟು ಇನ್ನೊಂದರ ಅರ್ಧ. ಎತ್ತರದಲ್ಲೂ ಚೂರು ವ್ಯತ್ಯಾಸ ಇದೆ. ‘ಎರಡೂ ಕೂರುತ್ತೆ ಅಣ್ಣ, ಯಾವುದಾದ್ರೂ ಹಾಕ್ಕೊಳಿ’ ಅಂದರು. ಯಾವುದು ಸರಿ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೂರ್ನಾಲ್ಕು ಸೆಕೆಂಡ್ ಕಟಕಟ ಅನ್ನುತ್ತದೆ. ಅದಕ್ಕೂ ಫಿಲ್ಟರ್‌ಗೂ ಸಂಬಂಧ ಇದೆಯಾ? ಪ್ರತಿ ಸಲ ಫಿಲ್ಟರ್ ಬದಲಾಯಿಸಲೇಬೇಕಾ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಎರಡೂ ಕೂರಬಹುದು. ಆದರೆ ಆಯಿಲ್ ಫಿಲ್ಟರ್ ವಿಷಯದಲ್ಲಿ ‘ಕೂರುತ್ತೆ’ ಅನ್ನುವ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಮಂಡ್ಯದಲ್ಲಿ ಗ್ಯಾರೇಜ್ ಇಟ್ಟುಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಕೂರದ ಫಿಲ್ಟರ್‌ನಿಂದ ಹಾಳಾದ ಇಂಜಿನ್ ನಾನು ನೋಡಿಲ್ಲ, ಯಾಕೆಂದರೆ ಕೂರದೇ ಇದ್ದರೆ ಯಾರೂ ಹಾಕುವುದೇ ಇಲ್ಲ. ಹಾಳು ಮಾಡುವುದೆಲ್ಲ ಕೂತ ಫಿಲ್ಟರ್‌ಗಳೇ.

ಮೊದಲು ತಗಡಿನ ಡಬ್ಬಿಯ ಕಥೆ ಮುಗಿಸೋಣ. ಅಲ್ಲಿ ತಪ್ಪಿದ್ದು ಅಂಗಡಿಯವರಲ್ಲ, ನೀವು ಕೇಳಿದ ರೀತಿ. ಸ್ವಿಫ್ಟ್ ಅನ್ನುವುದು ಕಾರಿನ ಹೆಸರು. ಫಿಲ್ಟರ್‌ಗೆ ಕಾರಿನ ಹೆಸರು ಬೇಕಿಲ್ಲ, ಇಂಜಿನ್ ಯಾವುದು ಅಂತ ಗೊತ್ತಾಗಬೇಕು. ನಿಮ್ಮ ವರ್ಷದ ಸ್ವಿಫ್ಟ್‌ನಲ್ಲಿ ಎರಡು ಇಂಜಿನ್ ಬರುತ್ತಿತ್ತು. ಪೆಟ್ರೋಲ್ ಗಾಡಿಗೆ 1197 ಸಿ.ಸಿ.ಯದು, ಕೆ12 ಅಂತ ಕರೆಯುತ್ತಾರೆ. ಅದಕ್ಕೆ ತಿರುಗಿಸಿ ಹಾಕುವ ತಗಡಿನ ಫಿಲ್ಟರ್. ನಿಮ್ಮದು 1248 ಸಿ.ಸಿ.ಯ ಡಿ13ಎ, ಅಂದರೆ ಎಲ್ಲರೂ ಡಿಡಿಐಎಸ್ ಅನ್ನುವ ಡೀಸೆಲ್. ಇದು ಮೂಲದಲ್ಲಿ ಫಿಯೆಟ್‌ನವರ 1.3 ಮಲ್ಟಿಜೆಟ್ ಇಂಜಿನ್. ಡಿಸೈರ್, ರಿಟ್ಜ್, ಎರ್ಟಿಗಾ ಡೀಸೆಲ್‌ಗಳಲ್ಲೂ ಇದೇ ಇತ್ತು. ಫಿಯೆಟ್ ಪುಂಟೊ, ಟಾಟಾ ಇಂಡಿಕಾ ವಿಸ್ಟಾ ಡೀಸೆಲ್‌ಗಳಲ್ಲೂ ಇದರ ಅಣ್ಣತಮ್ಮಂದಿರೇ. ಇದಕ್ಕೆ ಪೇಪರ್ ಎಲಿಮೆಂಟ್. ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಒಳಗಿನ ಪೇಪರ್ ಮಾತ್ರ ಬದಲಾಯಿಸಬೇಕು.

ಹಾಗಾಗಿ ಅಂಗಡಿಗೆ ಹೋಗುವಾಗ ಆರ್.ಸಿ. ತಗೊಂಡು ಹೋಗಿ, ಇಲ್ಲವೇ ಮೊಬೈಲ್‌ನಲ್ಲಿ ಅದರ ಫೋಟೋ ಇರಲಿ. ಇಂಧನ, ಸಿ.ಸಿ., ತಯಾರಾದ ತಿಂಗಳು ವರ್ಷ, ಇಂಜಿನ್ ನಂಬರ್, ಚಾಸಿ ನಂಬರ್ ಎಲ್ಲ ಅದರಲ್ಲೇ ಇರುತ್ತದೆ. ಕಂಪನಿಯ ಬಿಡಿಭಾಗ ಮಾರುವ ಕೌಂಟರ್‌ನಲ್ಲಿ ಚಾಸಿ ನಂಬರ್ ಕೊಟ್ಟರೆ ಕಂಪ್ಯೂಟರ್‌ನಲ್ಲಿ ನೋಡಿ ಪಾರ್ಟ್ ನಂಬರ್ ಹೇಳುತ್ತಾರೆ. ಆ ನಂಬರ್ ಬರೆದುಕೊಳ್ಳಿ. ಆಮೇಲೆ ನೀವು ಯಾವ ಅಂಗಡಿಯಲ್ಲಿ ಬೇಕಾದರೂ ತಗೊಳ್ಳಿ, ಯಾವ ಬ್ರ್ಯಾಂಡ್ ಬೇಕಾದರೂ ತಗೊಳ್ಳಿ, ಜುಟ್ಟು ನಿಮ್ಮ ಕೈಯಲ್ಲೇ ಇರುತ್ತದೆ.

ಪಾರ್ಟ್ ನಂಬರ್ ಓದುವುದು ಕಷ್ಟ ಏನಲ್ಲ. ಮೊದಲ ಐದು ಅಂಕಿ ಅದು ಏನು ವಸ್ತು ಅಂತ ಹೇಳುತ್ತದೆ. ಸುಜುಕಿ ಲೆಕ್ಕದಲ್ಲಿ 16510 ಅಂದರೆ ಆಯಿಲ್ ಫಿಲ್ಟರ್. ಹೋಂಡಾದಲ್ಲಿ 15400. ಹುಂಡೈನಲ್ಲಿ ತಗಡಿನ ಡಬ್ಬಿಗೆ 26300, ಪೇಪರ್ ಎಲಿಮೆಂಟಿಗೆ 26320. ಯಾವ ಇಂಜಿನ್ನಿನದು ಅಂತ ಹೇಳುವುದು ಆಮೇಲಿನ ಅಂಕಿಗಳು. ಕೆಲವು ಸಲ ಕೊನೆಯ ಒಂದೇ ಒಂದು ಅಂಕಿ ಬೇರೆ ಇರುತ್ತದೆ. ಹುಂಡೈನ 26300-35503 ಹೋಗಿ 35504 ಬಂತು, ಆಮೇಲೆ 35505. ಅದು ಹಳೆಯದರ ಜಾಗಕ್ಕೆ ಬಂದ ಹೊಸ ನಂಬರ್, ಗಾಬರಿ ಬೇಡ. ಆದರೆ ಯಾವುದು ಯಾವುದರ ಬದಲಿಗೆ ಬಂದದ್ದು ಅಂತ ಕೌಂಟರ್‌ನವರೇ ಹೇಳಬೇಕು, ನಾವು ಊಹೆ ಮಾಡಬಾರದು.

‘ಹಳೇ ಫಿಲ್ಟರ್ ತಗೊಂಡು ಹೋಗಿ ತೋರಿಸಿ, ಅದೇ ಥರದ್ದು ಕೊಡ್ತಾರೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಮ್ಮದೇ ಹೊಸ ಗಾಡಿಯಾಗಿದ್ದರೆ ಸರಿ. ಸೆಕೆಂಡ್ ಹ್ಯಾಂಡ್ ಗಾಡಿಗೆ ಈ ಬುದ್ಧಿವಾದ ನಡೆಯುವುದಿಲ್ಲ. ಹಿಂದಿನ ಮಾಲೀಕರು ತಪ್ಪು ಫಿಲ್ಟರ್ ಹಾಕಿಸಿದ್ದರೆ, ನೀವು ಅದನ್ನೇ ಅಳತೆಗೆ ಇಟ್ಟುಕೊಂಡು ಇನ್ನೊಂದು ತಪ್ಪು ಫಿಲ್ಟರ್ ತರುತ್ತೀರಿ. ಹಳೆಯದನ್ನು ತಗೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಪಾರ್ಟ್ ನಂಬರ್ ಜೊತೆ ತಾಳೆ ನೋಡುವುದಕ್ಕೆ ಮಾತ್ರ.

ಈಗ ನಿಮ್ಮ ಎರಡು ಪೇಪರ್ ಫಿಲ್ಟರ್‌ಗೆ ಬರೋಣ. ಎತ್ತರದಲ್ಲಿ ‘ಚೂರು’ ವ್ಯತ್ಯಾಸ ಇದೆ ಅಂದಿರಿ. ಆ ಚೂರೇ ಮುಖ್ಯ.

ನಿಮ್ಮ ಕಡೆ ಆಲೆಮನೆ ನೋಡಿರುತ್ತೀರಿ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಬಟ್ಟೆ ಕಟ್ಟಿ ಸೋಸಿ ಕೊಪ್ಪರಿಗೆಗೆ ಬಿಡುತ್ತಾರೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಒಂದು ಮೂಲೆಯಲ್ಲಿ ಕಟ್ಟು ಸಡಿಲ ಇದ್ದರೆ ಹಾಲು ಆ ಸಂದಿಯಲ್ಲೇ ಇಳಿಯುತ್ತದೆ. ಬಟ್ಟೆಯ ಮೂಲಕ ಹೋಗುವ ಕಷ್ಟ ಅದಕ್ಕೆ ಯಾಕೆ? ಆಯಿಲ್ ಕೂಡ ಹಾಗೇ. ಎಲಿಮೆಂಟ್‌ನ ಮೇಲಿನ ತುದಿ, ಕೆಳಗಿನ ತುದಿ ಎರಡೂ ತಮ್ಮ ತಮ್ಮ ಜಾಗಕ್ಕೆ ಒತ್ತಿ ಕೂತಿರಬೇಕು. ಎರಡು ಮಿಲಿಮೀಟರ್ ಕುಳ್ಳಗಿದ್ದರೂ ತುದಿಯಲ್ಲಿ ಸಂದಿ ಉಳಿಯುತ್ತದೆ. ನಡುವಿನ ತೂತು ದೊಡ್ಡದಿದ್ದರೂ ಅಷ್ಟೇ. ಆಯಿಲ್ ಪೇಪರನ್ನು ಮುಟ್ಟದೆ ಪಕ್ಕದಲ್ಲೇ ಸುತ್ತಿ ಬೇರಿಂಗ್‌ಗೆ ಹೋಗುತ್ತದೆ.

ಕೆಟ್ಟ ಸಂಗತಿ ಏನೆಂದರೆ, ಇದು ಹೊರಗೆ ಒಂಚೂರೂ ಗೊತ್ತಾಗುವುದಿಲ್ಲ. ಲೀಕ್ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ಲೈಟಿಲ್ಲ. ಗಾಡಿ ಚೆನ್ನಾಗೇ ಓಡುತ್ತದೆ. ಆಯಿಲ್ ಒತ್ತಡವೂ ಸರಿ ಇರುತ್ತದೆ, ಯಾಕೆಂದರೆ ಆಯಿಲ್‌ಗೆ ಅಡ್ಡಿಯೇ ಇಲ್ಲವಲ್ಲ. ಒಳಗೆ ಮಾತ್ರ ಕರಿ ಮಸಿ, ಲೋಹದ ಪುಡಿ, ಧೂಳು ಎಲ್ಲ ಬೇರಿಂಗ್‌ನಲ್ಲಿ, ಟರ್ಬೊದಲ್ಲಿ ತಿರುಗುತ್ತಿರುತ್ತದೆ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಒಳ್ಳೆಯ ಕಾರಿನ ಫಿಲ್ಟರ್ 20-30 ಮೈಕ್ರಾನ್‌ನ ಕಣಗಳಲ್ಲಿ ಬಹುಪಾಲನ್ನು ಹಿಡಿಯುತ್ತದೆ. ಕಣ್ಣಿಗೆ ಕಾಣದ ಈ ಪುಡಿಯೇ ವರ್ಷಗಟ್ಟಲೆ ಉಜ್ಜಿ ಉಜ್ಜಿ ಇಂಜಿನ್ ಸವೆಸುವುದು. ಡಿಪ್‌ಸ್ಟಿಕ್ ಎಳೆದು ಬೆರಳಲ್ಲಿ ಉಜ್ಜಿ ನೋಡಿ ‘ಆಯಿಲ್ ಚೆನ್ನಾಗಿದೆ’ ಅನ್ನುವವರನ್ನು ನಂಬಬೇಡಿ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಬಣ್ಣದಿಂದ ಏನೂ ಹೇಳಲಾಗುವುದಿಲ್ಲ.

ಹಾಗಾದರೆ ಆ ಎರಡರಲ್ಲಿ ಯಾವುದು? ಕೈಯಲ್ಲಿ ಹಿಡಿಯದೆ ನಾನು ಹೇಳುವುದು ತಪ್ಪಾಗುತ್ತದೆ. ಹೀಗೆ ಮಾಡಿ. ನಿಮ್ಮ ಚಾಸಿ ನಂಬರ್‌ಗೆ ಬಂದ ಪಾರ್ಟ್ ನಂಬರ್‌ನ ಕಂಪನಿ ಫಿಲ್ಟರ್ ಈ ಒಂದು ಸಲ ತಗೊಳ್ಳಿ. ಹಾಕುವ ಮುಂಚೆ ಎತ್ತರ, ಹೊರಗಿನ ಅಳತೆ, ಎರಡೂ ತುದಿಯ ತೂತಿನ ಅಳತೆ ವರ್ನಿಯರ್‌ನಲ್ಲಿ (ಮಿಲಿಮೀಟರ್‌ಗಿಂತ ಸಣ್ಣ ವ್ಯತ್ಯಾಸವನ್ನೂ ಅಳೆಯುವ ಸಾಧನ) ನೋಡಿ ಬರೆದಿಟ್ಟುಕೊಳ್ಳಿ. ಎರಡು ತುದಿ ಒಂದೇ ಥರ ಇರಬೇಕು ಅಂತೇನಿಲ್ಲ, ಬೇರೆ ಬೇರೆ ಇದ್ದರೆ ಬೇರೆ ಬೇರೆ ಬರೆದುಕೊಳ್ಳಿ. ಮುಂದಿನ ಸಲದಿಂದ ಬಾಷ್, ಪ್ಯುರೊಲೇಟರ್, ಮಾನ್, ಮಾಲೆ, ಎಲೊಫಿಕ್, ಯಾವುದೇ ಹೆಸರಿರುವ ಬ್ರ್ಯಾಂಡ್ ತಗೊಳ್ಳಬಹುದು. ಅವರ ಕ್ಯಾಟಲಾಗ್‌ನಲ್ಲಿ ನಿಮ್ಮ ಪಾರ್ಟ್ ನಂಬರ್‌ಗೆ ಅವರದು ಯಾವ ನಂಬರ್ ಅಂತ ಕೊಟ್ಟಿರುತ್ತಾರೆ. ನಂಬರ್ ತಾಳೆಯಾಗಬೇಕು, ಅಳತೆಯೂ ತಾಳೆಯಾಗಬೇಕು. ಎರಡೂ ಆದರೆ ಕಂಪನಿಯದೇ ಬೇಕು ಅಂತ ಹಟ ಬೇಡ. ಫಿಲ್ಟರ್ ತಯಾರಿಸುವುದೇ ಕಸುಬಾದವರು ಕಾರು ಕಂಪನಿಗಳಿಗೂ ಮಾಡಿಕೊಡುತ್ತಾರೆ, ತಮ್ಮ ಹೆಸರಲ್ಲೂ ಮಾರುತ್ತಾರೆ.

(ಪ್ಯುರೊಲೇಟರ್ ಅಂದೆನಲ್ಲ, ಆ ಹೆಸರು ‘ಪ್ಯೂರ್ ಆಯಿಲ್ ಲೇಟರ್’ ಅನ್ನುವ ಮೂರು ಪದ ಕೂಡಿ ಆದದ್ದು. 1920ರ ದಶಕದಲ್ಲಿ ಅಮೆರಿಕದಲ್ಲಿ ಸ್ವೀಟ್‌ಲ್ಯಾಂಡ್ ಅನ್ನುವವರು ಕಾರಿಗೆ ಆಯಿಲ್ ಫಿಲ್ಟರ್ ಮಾಡಿದಾಗ ಇಟ್ಟ ಹೆಸರು. ಅದಕ್ಕೆ ಮುಂಚೆ ಸೋಸುವ ಗೋಜೇ ಹೆಚ್ಚಾಗಿ ಇರಲಿಲ್ಲ. ಆಯಿಲನ್ನು ಬೇಗ ಬೇಗ ಬದಲಾಯಿಸುತ್ತಿದ್ದರು ಅಷ್ಟೇ.)

ಅರ್ಧ ರೇಟಿನದರ ಬಗ್ಗೆ ಒಂದು ಮಾತು. ಕಡಿಮೆ ರೇಟು ಅಂದ ಕೂಡಲೇ ಕಳಪೆ ಅಂತ ನಾನು ಹೇಳುವುದಿಲ್ಲ. ಹೆಸರೇ ಇಲ್ಲದ ಪೆಟ್ಟಿಗೆಯಲ್ಲಿ ಬಂದರೆ, ಪಾರ್ಟ್ ನಂಬರ್ ಇಲ್ಲದಿದ್ದರೆ, ತಯಾರಿಸಿದ ತಿಂಗಳು ಇಲ್ಲದಿದ್ದರೆ ಬೇಡ. ಕಂಪನಿ ಪೆಟ್ಟಿಗೆಯ ನಕಲೂ ಬರುತ್ತದೆ. ಅಚ್ಚು ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಬಿಲ್ ಕೇಳಿದಾಗ ಅಂಗಡಿಯವರ ಮುಖ ಸಪ್ಪಗಾದರೆ ವಾಪಸ್ ಇಡಿ. ಪೇಪರ್ ಎಲಿಮೆಂಟ್‌ನಲ್ಲಿ ಒಂದು ಅನುಕೂಲ ಇದೆ. ಎಲ್ಲ ಕಣ್ಣೆದುರೇ ಇರುತ್ತದೆ. ಮಡಿಕೆಗಳು ಸೀರೆ ನಿರಿಗೆಯ ಹಾಗೆ ಸಮವಾಗಿರಬೇಕು. ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬಿಟ್ಟುಕೊಂಡಿರಬಾರದು. ಮಡಿಕೆ ಸೇರುವ ಕಡೆ ಅಂಟು ಪೂರ್ತಿ ಹಿಡಿದಿರಬೇಕು. ಮೆಲ್ಲಗೆ ಒತ್ತಿದರೆ ಪೊಳ್ಳು ಬುಟ್ಟಿ ಥರ ಕುಗ್ಗಬಾರದು.

ತಗಡಿನ ಫಿಲ್ಟರ್ ಇರುವ ಗಾಡಿಯವರಿಗೆ ಈ ಭಾಗ್ಯ ಇಲ್ಲ. ಅದರೊಳಗೆ ಏನಿದೆ ಅಂತ ಕತ್ತರಿಸಿದರೆ ಮಾತ್ರ ಗೊತ್ತಾಗುವುದು. ನಿಮ್ಮ ಮನೆಯಲ್ಲೋ ನೆಂಟರಲ್ಲೋ ಅಂಥ ಗಾಡಿ ಇದ್ದೇ ಇರುತ್ತದೆ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಅದರೊಳಗೆ ಪೇಪರ್ ಜೊತೆಗೆ ಸಾಮಾನ್ಯವಾಗಿ ಎರಡು ವಾಲ್ವ್ ಇರುತ್ತವೆ.

ಒಂದು ಬೈಪಾಸ್ ವಾಲ್ವ್. ಇದು ಕೆರೆಯ ಕೋಡಿ ಇದ್ದ ಹಾಗೆ. ನೀರು ಜಾಸ್ತಿಯಾದಾಗ ಕೋಡಿ ಬಿದ್ದು ಹೋಗುತ್ತದೆ, ಏರಿ ಉಳಿಯುತ್ತದೆ. ಫಿಲ್ಟರ್ ಕಟ್ಟಿಕೊಂಡಾಗ, ಅಥವಾ ಆಯಿಲ್ ತಣ್ಣಗೆ ಗಟ್ಟಿಯಾಗಿದ್ದಾಗ, ಪೇಪರ್ ಮೂಲಕ ಸಾಕಷ್ಟು ಆಯಿಲ್ ದಾಟುವುದಿಲ್ಲ. ಆಗ ಈ ವಾಲ್ವ್ ತೆರೆದು ಸೋಸದ ಆಯಿಲನ್ನೇ ಇಂಜಿನ್‌ಗೆ ಬಿಡುತ್ತದೆ. ಆಯಿಲ್ ಇಲ್ಲದೆ ಸಾಯುವುದಕ್ಕಿಂತ ಕೊಳೆ ಆಯಿಲ್ ಕುಡಿಯುವುದು ವಾಸಿ, ಅಲ್ವಾ? ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದು ಇಂಜಿನ್ ಮಾಡಿದವರ ಲೆಕ್ಕ. ಸಾಮಾನ್ಯವಾಗಿ 1 ಬಾರ್‌ನ ಆಸುಪಾಸು. ಇನ್ಯಾವುದೋ ಇಂಜಿನ್ನಿನ ಫಿಲ್ಟರ್ ಹಾಕಿದರೆ ಕೋಡಿಯ ಮಟ್ಟವೇ ಬೇರೆಯಾಗುತ್ತದೆ. ತೀರಾ ಬೇಗ ತೆರೆದರೆ ಸೋಸುವುದೇ ಇಲ್ಲ. ತೀರಾ ತಡವಾದರೆ ಒಳಗಿನ ಪೇಪರ್ ಹರಿಯುತ್ತದೆ. ನಿಮ್ಮ ಥರದ ಪೇಪರ್ ಫಿಲ್ಟರ್‌ಗಳಲ್ಲಿ ಸಾಮಾನ್ಯವಾಗಿ ಈ ವಾಲ್ವ್ ಎಲಿಮೆಂಟ್ ಒಳಗಿರುವುದಿಲ್ಲ, ಎಲಿಮೆಂಟ್ ಕೂರುವ ಗೂಡಿನಲ್ಲಿ, ಅಂದರೆ ನಾವು ‘ಮನೆ’ ಅನ್ನುವುದರಲ್ಲೇ ಇರುತ್ತದೆ.

ಇನ್ನೊಂದು, ಆಯಿಲ್ ಹಿಂದಕ್ಕೆ ಇಳಿಯದ ಹಾಗೆ ತಡೆಯುವ ರಬ್ಬರ್ ವಾಲ್ವ್. ಇದನ್ನು ನಿಮಗೆ ಹೇಳಿಕೊಡಬೇಕಾಗಿಯೇ ಇಲ್ಲ. ಪಂಪ್‌ಸೆಟ್‌ನ ಫುಟ್ ವಾಲ್ವ್ ಹೋದರೆ ಏನಾಗುತ್ತದೆ? ರಾತ್ರಿಯೆಲ್ಲ ಪೈಪಿನ ನೀರು ಬಾವಿಗೆ ಇಳಿದು, ಬೆಳಿಗ್ಗೆ ನೀರು ತುಂಬಿಸಿ ಹೊಡೆಯಬೇಕಾಗುತ್ತದೆ. ಇಲ್ಲೂ ಅದೇ. ರಬ್ಬರ್ ಗಟ್ಟಿಯಾದರೆ, ಅಥವಾ ಅಗ್ಗದ ರಬ್ಬರ್ ಆಗಿದ್ದರೆ, ರಾತ್ರಿ ಫಿಲ್ಟರ್‌ನ ಆಯಿಲೆಲ್ಲ ಕೆಳಗಿನ ಚೇಂಬರ್‌ಗೆ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಮತ್ತೆ ತುಂಬಿಸಿ ಮೇಲೆ ತಳ್ಳುವವರೆಗೆ ಇಂಜಿನ್ ಒಣಗಿಕೊಂಡೇ ತಿರುಗುತ್ತದೆ.

ನಿಮ್ಮ ಕಟಕಟ ಶಬ್ದಕ್ಕೆ ಬಂದೆ. ಆಯಿಲ್ ಇಳಿದುಹೋಗುವುದು ಒಂದು ಕಾರಣ ಇರಬಹುದು. ನಿಮ್ಮ ಇಂಜಿನ್‌ನಲ್ಲಿ ಇದು ಸ್ವಲ್ಪ ಗಂಭೀರ. ಅದರಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಆ ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಶನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಒತ್ತಡ ಬರುವುದು ತಡವಾದರೆ ಚೈನ್ ಸಡಿಲವಾಗಿಯೇ ಓಡಿ ಬಡಿಯುತ್ತದೆ. ಒಂದು ಸೆಕೆಂಡ್ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರ್ನಾಲ್ಕು ಸೆಕೆಂಡ್ ದಿನಾ ಬೆಳಿಗ್ಗೆ ಅಂದರೆ ನೋಡಬೇಕು. ಮೊದಲು ಸರಿಯಾದ ಫಿಲ್ಟರ್, ಸರಿಯಾದ ಆಯಿಲ್. ನಿಮ್ಮ ಇಂಜಿನ್‌ಗೆ ಹೇಳಿರುವುದು 5ಡಬ್ಲ್ಯು-30 ದರ್ಜೆಯ ಆಯಿಲ್. ಆಯಿಲ್ ಎಷ್ಟು ಗಟ್ಟಿ ಅಂತ ಹೇಳುವ ಗುರುತು ಅದು. ‘ಹಳೇ ಗಾಡಿ, ಗಟ್ಟಿ ಆಯಿಲ್ ಹಾಕ್ಸಿ’ ಅಂತ ಹೇಳುವವರು ಸಿಗುತ್ತಾರೆ. ಗಟ್ಟಿ ಆಯಿಲ್ ಬೆಳಿಗ್ಗೆ ಮೇಲೆ ಹತ್ತುವುದು ಇನ್ನೂ ನಿಧಾನ. ಎರಡೂ ಸರಿ ಮಾಡಿದ ಮೇಲೂ ಒಂದು ವಾರ ಶಬ್ದ ಹಾಗೇ ಇದ್ದರೆ, ಚೈನ್ ಮತ್ತು ಟೆನ್ಶನರ್ ಬಿಚ್ಚಿ ನೋಡಿಸಿ. ಮುಂದೂಡಬೇಡಿ. ಚೈನ್ ಹಲ್ಲು ಜಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಆಮೇಲೆ ಫಿಲ್ಟರ್ ರೇಟಿನ ಚರ್ಚೆ ಯಾರಿಗೂ ನೆನಪಿರುವುದಿಲ್ಲ.

‘ಕೂರುತ್ತೆ’ ಅನ್ನುವ ಮಾತಿನ ಮೇಲೆ ನನಗೆ ಯಾಕೆ ಇಷ್ಟು ಸಿಟ್ಟು ಅಂತ ಹೇಳಬೇಕು. ನಾನು ಕೆಲಸ ಕಲಿಯುತ್ತಿದ್ದ ಕಾಲ. ಒಂದು ಹಳೇ ಪೆಟ್ರೋಲ್ ಕಾರಿಗೆ ತಗಡಿನ ಫಿಲ್ಟರ್ ತಂದೆ. ತಿರುಗಿಸಿದೆ, ಹಗುರವಾಗಿ ಹತ್ತಿತು. ಸ್ವಲ್ಪ ಜಾಸ್ತಿಯೇ ಹಗುರ. ಚೆನ್ನಾಗಿ ಬಿಗಿಯಾಯಿತು ಅಂತ ಬಿಟ್ಟೆ. ಸ್ಟಾರ್ಟ್ ಮಾಡಿ ನೋಡಿದರೆ ಲೀಕ್ ಇಲ್ಲ. ಮರುದಿನ ಬೆಳಿಗ್ಗೆ ಮಾಲೀಕರು ಮನೆಯಿಂದ ಹೊರಟು ಮದ್ದೂರು ದಾಟುವ ಮುಂಚೆ ಫಿಲ್ಟರ್ ಥ್ರೆಡ್ ಬಿಟ್ಟು ಕಿತ್ತು ಬಂತು. ರಸ್ತೆ ತುಂಬಾ ಆಯಿಲ್. ಪುಣ್ಯಕ್ಕೆ ಕೆಂಪು ಲೈಟ್ ನೋಡಿದ ತಕ್ಷಣ ಅವರು ಆಫ್ ಮಾಡಿದ್ದರು. ಆಮೇಲೆ ನಮ್ಮ ಮೇಸ್ತ್ರಿ ಹೇಳಿದ್ದು: ಇಂಜಿನ್ ಕಡೆ ಇದ್ದದ್ದು ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಥ್ರೆಡ್. ನಾನು ತಂದದ್ದು 20 ಮಿ.ಮೀ., ಒಂದೂವರೆ ಪಿಚ್‌ನದು, ಅಂದರೆ ಸುತ್ತಿನಿಂದ ಸುತ್ತಿಗೆ ಒಂದೂವರೆ ಮಿ.ಮೀ. ಅಂತರ. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ದೊಡ್ಡದು ಸಣ್ಣದರ ಮೇಲೆ ಸಲೀಸಾಗಿ ಹತ್ತಿ ಕೂರುತ್ತದೆ, ಆದರೆ ಥ್ರೆಡ್ ತುದಿಗೆ ತುದಿ ಮಾತ್ರ ಹಿಡಿದಿರುತ್ತದೆ. ಕಾರಿನ ಟೈರ್‌ಗೆ ನಾವು 32-33 ಪಿ.ಎಸ್.ಐ. ಗಾಳಿ ಹೊಡೆಸುತ್ತೇವೆ. ತಣ್ಣಗಿನ ಇಂಜಿನ್ ರೇಸ್ ಮಾಡಿದಾಗ ಆಯಿಲ್ ಒತ್ತಡ ಅದರ ಎರಡರಷ್ಟು ಆಗಬಹುದು. ತುದಿಗೆ ತುದಿ ಹಿಡಿದ ಥ್ರೆಡ್ ಎಷ್ಟು ಹೊತ್ತು ತಡೆದೀತು? ಹೋಂಡಾ, ಹುಂಡೈನ ತಗಡಿನ ಫಿಲ್ಟರ್‌ಗಳಲ್ಲಿ ಹೆಚ್ಚಾಗಿ ಆ 20 ಮಿ.ಮೀ. ಥ್ರೆಡ್, ಟೊಯೊಟಾದ ಎಷ್ಟೋ ಪೆಟ್ರೋಲ್ ಇಂಜಿನ್‌ಗಳಲ್ಲಿ ಮುಕ್ಕಾಲು ಇಂಚು. ಒಂದರದ್ದು ಇನ್ನೊಂದಕ್ಕೆ ಹಾಕುವ ಪ್ರಯೋಗ ಬೇಡ.

ಇನ್ನು ಹಾಕುವ ವಿಷಯ. ನಿಮ್ಮ ಫಿಲ್ಟರ್ ಪೆಟ್ಟಿಗೆಯಲ್ಲಿ ಮುಚ್ಚಳದ ಓ-ರಿಂಗ್ ಬಂದಿರಬೇಕು. ಹಳೆಯದು ಚೆನ್ನಾಗಿ ಕಂಡರೂ ಹೊಸದನ್ನೇ ಹಾಕಿ, ಒಂದು ಬೊಟ್ಟು ಹೊಸ ಆಯಿಲ್ ಸವರಿ. ಹಳೇ ರಿಂಗ್ ಅಲ್ಲೇ ಉಳಿದು ಅದರ ಮೇಲೆ ಹೊಸದು ಕೂತರೆ ಆಯಿಲ್ ಚಿಮ್ಮುತ್ತದೆ. ಮುಚ್ಚಳ ಪ್ಲಾಸ್ಟಿಕ್, ಶಕ್ತಿ ಪ್ರದರ್ಶನ ಬೇಡ. ಎಷ್ಟು ಬಿಗಿ ಅಂತ ಎನ್.ಎಂ. (ನ್ಯೂಟನ್ ಮೀಟರ್) ಲೆಕ್ಕದಲ್ಲಿ ಮುಚ್ಚಳದ ಮೇಲೇ ಅಚ್ಚು ಹಾಕಿದ್ದರೆ ಟಾರ್ಕ್ ಸ್ಪ್ಯಾನರ್‌ನಲ್ಲಿ ಅಷ್ಟೇ ಮಾಡಿಸಿ. ಕಾಲಲ್ಲಿ ಒದ್ದು ಬಿಗಿ ಮಾಡುವ ಹುಡುಗರು ಇರುತ್ತಾರೆ, ಪಕ್ಕದಲ್ಲೇ ನಿಂತುಕೊಳ್ಳಿ. ತಗಡಿನದಾದರೆ ಗ್ಯಾಸ್ಕೆಟ್‌ಗೆ ಆಯಿಲ್ ಸವರಿ ಕೈಯಲ್ಲೇ ತಿರುಗಿಸಬೇಕು. ಗ್ಯಾಸ್ಕೆಟ್ ಮುಟ್ಟಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು. ಡ್ರೈನ್ ಬೋಲ್ಟ್‌ನ ವಾಷರ್ ಕೂಡ ಹೊಸದು ಇರಲಿ, ಚಿಲ್ಲರೆ ಕಾಸಿನ ವಸ್ತು. ಆಯಿಲ್ ಮೂರು ಲೀಟರ್ ಆಸುಪಾಸು ಹಿಡಿಯುತ್ತದೆ. ಸ್ಟಾರ್ಟ್ ಮಾಡಿ, ಲೈಟ್ ಆರುವವರೆಗೆ ಆಕ್ಸಿಲರೇಟರ್ ಮುಟ್ಟಬೇಡಿ. ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತು ದಾಟುವುದು ಬೇಡ.

ಪ್ರತಿ ಸಲ ಬದಲಾಯಿಸಬೇಕಾ ಅಂದಿರಿ. ಹೌದು, ಪ್ರತಿ ಸಲ. ಹಳೇ ಫಿಲ್ಟರ್‌ನಲ್ಲಿ ಹಳೇ ಆಯಿಲ್ ಉಳಿದಿರುತ್ತದೆ, ಹೊಸದಕ್ಕೆ ಅದು ಮೊದಲ ದಿನವೇ ಸೇರುತ್ತದೆ. ಎಂಜಲು ಲೋಟಕ್ಕೆ ಹೊಸ ಹಾಲು ಹೊಯ್ದ ಹಾಗೆ. ಮಾರುತಿಯವರು ಹೇಳುವುದು 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನೀವು ದಿನಾ ಮೈಸೂರಿಗೆ ಹೈವೇಯಲ್ಲಿ ಹೋಗಿ ಬರುವವರಾದರೆ ಅಷ್ಟು ಸಾಕು. ಕಬ್ಬು ಕಡಿಯುವ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಮಣ್ಣು ರಸ್ತೆಯಲ್ಲೇ ಓಡಾಟ, ಎರಡು ಕಿ.ಮೀ. ಹೋಗಿ ಆಫ್, ಮತ್ತೆ ಎರಡು ಕಿ.ಮೀ. ಅಂತಾದರೆ ನಾನಾಗಿದ್ದರೆ 7,000ಕ್ಕೇ ಮಾಡಿಸುತ್ತಿದ್ದೆ. ಏರ್ ಫಿಲ್ಟರ್ ಕೂಡ ಆಗಲೇ ತೆಗೆದು ನೋಡಿ. ಧೂಳು ಆಯಿಲ್‌ಗೆ ಸೇರುವ ದೊಡ್ಡ ಬಾಗಿಲು ಅದೇ. ಸೆಕೆಂಡ್ ಹ್ಯಾಂಡ್ ಗಾಡಿಯ ಮೊದಲ ಆಯಿಲ್ ಮಾತ್ರ 3,000 ಕಿ.ಮೀ.ಗೇ ಇಳಿಸಿ, ಫಿಲ್ಟರ್ ಸಮೇತ. ಒಳಗೆ ಏನೇನು ಕೂತಿದೆಯೋ ಗೊತ್ತಿಲ್ಲವಲ್ಲ.

ಇಳಿಸಿದ ಆಯಿಲನ್ನು ದಯವಿಟ್ಟು ನಾಲೆ ಪಕ್ಕ ಚೆಲ್ಲಬೇಡಿ. ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಗದ್ದೆಗೇ ಬರುವುದು. ಆಯಿಲ್ ಬಂದ ಕ್ಯಾನಿಗೇ ತುಂಬಿ, ಹಳೇ ಆಯಿಲ್ ಲೆಕ್ಕ ಇಟ್ಟು ರೀಸೈಕಲ್ ಮಾಡುವವರಿಗೆ ಒಪ್ಪಿಸುವ ಸರ್ವಿಸ್ ಸ್ಟೇಷನ್‌ಗೆ ಕೊಡಿ.

ಹೊರಬಂದ ಹಳೇ ಎಲಿಮೆಂಟನ್ನು ಮಾತ್ರ ಎಸೆಯುವ ಮುಂಚೆ ಹಗಲು ಬೆಳಕಲ್ಲಿ ನೋಡಿ. ಎರಡೂ ತುದಿಯಲ್ಲಿ ಮನೆಗೆ ಒತ್ತಿ ಕೂತ ಗುರುತು ಸುತ್ತಲೂ ಒಂದೇ ಸಮ ಬಿದ್ದಿರಬೇಕು. ಮಡಿಕೆಗಳಲ್ಲಿ ಮಸಿ ಹಿಡಿದಿರಬೇಕು. ಗುರುತೂ ಇಲ್ಲ, ಪೇಪರ್ ಕೂಡ ಅಷ್ಟೇನೂ ಕಪ್ಪಾಗಿಲ್ಲ ಅಂದರೆ ಹಿಂದಿನ ಮಾಲೀಕರಿಗೂ ಯಾರೋ ‘ಕೂರುತ್ತೆ ಅಣ್ಣ’ ಅಂದಿದ್ದಾರೆ ಅಂತ ಅರ್ಥ. ಹಾಗಿದ್ದರೆ ಅದರ ಫೋಟೋ ತೆಗೆದು, ಅಳತೆ ಬರೆದು ನನಗೆ ಕಳಿಸಿ. ಮೂರು ಸಾವಿರ ಕಿ.ಮೀ. ಬದಲು ಸಾವಿರಕ್ಕೇ ಆಯಿಲ್ ಇಳಿಸಬೇಕಾ ಅಂತ ಆಗ ಹೇಳುತ್ತೇನೆ.